ನ್ಯೂಟ್ರಾನ್ ಚದರಿಕೆ ಮತ್ತು ಅತಿವಾಹಕಗಳ ಕಾಂತತೆ
ತಾಮ್ರದ ಆಕ್ಸೈಡ್ ಮೂಲದ ಅಧಿಕ ತಾಪದ ಅತಿವಾಹಕಗಳಲ್ಲಿನ ಕಾಂತೀಯ ವಿನ್ಯಾಸವನ್ನು ನ್ಯೂಟ್ರಾನ್ ದೂಲದಿಂದ ಅರಿಯುವ ಪ್ರಾಯೋಗಿಕ ವಿಧಾನ. ವಿದ್ಯುದಾವೇಶವಿಲ್ಲದ ನ್ಯೂಟ್ರಾನ್ ತಾನೇ ಕಿರುಕಾಂತವಾದುದರಿಂದ ಹರಳಿನ ಆಳಕ್ಕಿಳಿದು ಸ್ಪಿನ್‌ಗಳ (ಪರಮಾಣುಗಳಲ್ಲಿನ ಕಿರುಕಾಂತಗಳ) ದಿಕ್ಕನ್ನೂ ಏರಿಳಿತವನ್ನೂ ತಿಳಿಸಬಲ್ಲದು. ಈ ಗುಂಪಿನ ಮೂಲವಸ್ತು ಲ್ಯಾಂಥನಮ್-ತಾಮ್ರ ಆಕ್ಸೈಡ್. ರಸಾಯನವಿಜ್ಞಾನಿಗಳಾದ ಸಿ. ಎನ್. ಆರ್. ರಾವ್ ಮತ್ತು ಪಿ. ಗಂಗೂಲಿ ಇದರ ಕಾಂತಗುಣಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಈ ಗುಂಪಿನಲ್ಲಿ ಅತಿವಾಹಕತೆ ಪತ್ತೆಯಾದ 1986ಕ್ಕೂ ಮೊದಲೇ ಅಭ್ಯಸಿಸಿದ್ದರು. ಲ್ಯಾಂಥನಮ್-ತಾಮ್ರ ಆಕ್ಸೈಡ್‌ನಲ್ಲಿ ನೆರೆಯ ತಾಮ್ರ ಸ್ಪಿನ್‌ಗಳು ಪರಸ್ಪರ ವಿರುದ್ಧ ದಿಕ್ಕಿಗೆ ನಿಲ್ಲುತ್ತವೆಂದು 1987ರಲ್ಲಿ ನ್ಯೂಟ್ರಾನ್ ಪ್ರಯೋಗ ತೋರಿಸಿತು. ಇದು ಈ ವಸ್ತುವಿನ ಕಾಂತೀಯ ಕ್ರಮಕ್ಕೆ ನಿರ್ಣಾಯಕ ಸಾಕ್ಷ್ಯ. ಸ್ಟ್ರಾನ್ಷಿಯಮ್ ಬೆರೆಸಿದಂತೆ ಆ ಕ್ರಮ ಅಳಿದು ಅತಿವಾಹಕತೆ ಮೂಡುತ್ತದೆ. ಸ್ಪಿನ್ ಏರಿಳಿತ ಮಾತ್ರ ಉಳಿಯುತ್ತದೆ. ಯಿಟ್ರಿಯಮ್-ಬೇರಿಯಮ್-ತಾಮ್ರ ಆಕ್ಸೈಡ್‌ನಲ್ಲಿ ಅದು ಸುಮಾರು 41 ಮಿಲಿಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಅನುರಣಿಸುತ್ತದೆ. ಭಾರತದಲ್ಲಿ ನ್ಯೂಟ್ರಾನ್ ಪ್ರಯೋಗಗಳ ಮುಖ್ಯ ನೆಲೆ ಟ್ರಾಂಬೆಯ ಧ್ರುವ ರಿಯಾಕ್ಟರ್ (1985).