ಹೆಸರು ತಪ್ಪಿದ ಕಳೆ, ಗುರುತು ಸಿಗದ ಹುಳ

ಹೋದ ಭಾನುವಾರ ಊರಿಂದ ಅಣ್ಣನ ಫೋನು. ಮಾಮೂಲಿ ಕುಶಲೋಪರಿ ಎಲ್ಲಾ ಮುಗಿದ ಮೇಲೆ, "ಅಲ್ವೋ, ನಮ್ಮ ಕೆರೆ ಪೂರ್ತಿ ಗಿಡ ತುಂಬ್ಕೊಂಡು ಹಸಿರು ಮೈದಾನ ಆಗ್ಬಿಟ್ಟಿದೆ. ನಿಮ್ಮ ಆಸ್ಟ್ರೇಲಿಯಾದಲ್ಲಿ ಅದೇನೋ ಹುಳ ಬಿಟ್ಟು ಕೆರೆ ಕ್ಲೀನ್ ಮಾಡಿದ್ರಂತಲ್ಲ, ಮುಂದಿನ ಸಲ ಬರುವಾಗ ಒಂದು ಡಬ್ಬಿ ತಗೊಂಡು ಬಾರೋ" ಅಂದ. ನಗು ಬಂತು. ಅಮ್ಮ ಕೊಟ್ಟ ಉಪ್ಪಿನಕಾಯಿ ಬಾಟಲಿಗೇ ಏರ್‌ಪೋರ್ಟಿನಲ್ಲಿ ನೂರೆಂಟು ಪ್ರಶ್ನೆ ಕೇಳ್ತಾರೆ, ಇನ್ನು ಹುಳದ ಡಬ್ಬಿ ಹಿಡಿದು ವಿಮಾನ ಹತ್ತಿದರೆ ಮುಗೀತು ನನ್ನ ಕಥೆ!

ಆದರೆ ಅಣ್ಣ ಕೇಳಿದ್ದು ತಮಾಷೆಯ ವಿಷಯವೇನಲ್ಲ. ಆ ಹುಳದ ಕೆಲಸ ನಡೆದ ಪ್ರಯೋಗಾಲಯ ಇದ್ದದ್ದು ನಾನಿರುವ ಬ್ರಿಸ್ಬೇನಿನಲ್ಲೇ, ಇಂಡೂರುಪಿಲ್ಲಿ ಅನ್ನೋ ಬಡಾವಣೆಯಲ್ಲಿ. (ಹೆಸರು ಕೇಳಿದರೆ ತಮಿಳುನಾಡಿನ ಯಾವುದೋ ಹಳ್ಳಿ ಅನ್ನಿಸುತ್ತೆ ಅಲ್ವಾ?) ಅಲ್ಲಿದ್ದದ್ದು ಸಿಎಸ್‌ಐಆರ್‌ಒ, ಅಂದರೆ ಇಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ಕೀಟ ವಿಭಾಗದ ಪ್ರಯೋಗಾಲಯ.

ಕಥೆಯ ಖಳನಾಯಕ ಸಾಲ್ವೀನಿಯಾ ಅನ್ನೋ ಜರೀಗಿಡ. ನೀರಿನ ಮೇಲೆ ತೇಲುತ್ತೆ. ಹೂವಿಲ್ಲ, ನಿಜವಾದ ಬೇರೂ ಇಲ್ಲ. ಎಲೆ ಮೇಲೆ ಮೊಟ್ಟೆ ಕಡೆಯೋ ಬೀಟರ್ ಥರದ ಸಣ್ಣ ಸಣ್ಣ ಕೂದಲು, ಹಾಗಾಗಿ ನೀರು ನಿಲ್ಲೋದಿಲ್ಲ. ಒಂದು ಚೂರು ಮುರಿದು ಬಿದ್ದರೂ ಅದೇ ಹೊಸ ಗಿಡ. ಒಳ್ಳೇ ಬಿಸಿಲು, ಗೊಬ್ಬರದ ಅಂಶ ಇರೋ ನೀರು ಸಿಕ್ಕಿಬಿಟ್ಟರೆ ಎರಡು ಮೂರು ದಿನಕ್ಕೇ ದುಪ್ಪಟ್ಟಾಗುತ್ತೆ. ಆಮೇಲೆ ಒಂದರ ಮೇಲೊಂದು ಹತ್ತಿ ಮೊಳದುದ್ದ ದಪ್ಪದ ಹಾಸಿಗೆ. ಕೆಳಗಿನ ನೀರಿಗೆ ಬೆಳಕಿಲ್ಲ, ಗಾಳಿಯಿಲ್ಲ, ಮೀನಿಗೆ ಉಸಿರಿಲ್ಲ.

1939ರಲ್ಲಿ ಇದು ಕೊಲಂಬೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಬಂತು, ಅಲ್ಲಿಂದ ತಪ್ಪಿಸಿಕೊಂಡು ಸಿಂಹಳದ ಗದ್ದೆ, ಕಾಲುವೆ ಹೊಕ್ಕಿತು. ಆಫ್ರಿಕಾದಲ್ಲಿ ಜಾಂಬೆಜಿ ನದಿಗೆ ಕಟ್ಟಿದ ಕರೀಬಾ ಅಣೆಕಟ್ಟೆಯ ಬಾಗಿಲು ಹಾಕಿದ್ದು 1958ರ ಡಿಸೆಂಬರಿನಲ್ಲಿ. ಮಾರನೇ ವರ್ಷ ಅಲ್ಲಿ ಸಾಲ್ವೀನಿಯಾ ಕಾಣಿಸಿಕೊಂಡಿತು, 1962ರ ಹೊತ್ತಿಗೆ ಸುಮಾರು ಸಾವಿರ ಚದರ ಕಿಲೋಮೀಟರ್ ಹರಡಿತ್ತು! ನಮ್ಮ ಕೇರಳದ ಹಿನ್ನೀರಿಗೂ ಬಂತು. ಅಲ್ಲಿ ಜನ ಇಟ್ಟ ಹೆಸರು 'ಆಫ್ರಿಕನ್ ಪಾಯಲ್'. ಪಾಪ, ಆಫ್ರಿಕಾ ಕೂಡ ಇದರಿಂದ ನರಳಿದ್ದೇ, ಗಿಡದ ತವರುಮನೆ ಬೇರೆ.

ಆ ತವರುಮನೆ ಯಾವುದು ಅನ್ನೋದೇ ದೊಡ್ಡ ಎಡವಟ್ಟಾಗಿದ್ದು ನೋಡಿ. ಆಗ ಎಲ್ಲರೂ ಇದನ್ನ 'ಸಾಲ್ವೀನಿಯಾ ಆರಿಕ್ಯುಲೇಟಾ' ಅಂತಲೇ ಕರೀತಿದ್ರು. ಆರಿಕ್ಯುಲೇಟಾ ಬೆಳೆಯೋದು ಟ್ರಿನಿಡಾಡ್, ಗಯಾನಾ ಆ ಕಡೆ. ಸರಿ, ಕಳೆಯ ಶತ್ರು ಅದರ ತವರಿನಲ್ಲೇ ಸಿಗಬೇಕಲ್ಲ ಅಂತ 1961ರಿಂದ ಫ್ರೆಡ್ ಬೆನೆಟ್ ಎಂಬ ಕೀಟತಜ್ಞ ಆ ಸೀಮೆಯಲ್ಲಿ ಹುಡುಕಿ ಮೂರು ಕೀಟ ಆರಿಸಿದ: ಒಂದು ಮಿಡತೆ, ಒಂದು ಪತಂಗ, ಮತ್ತೆ 'ಸಿರ್ಟೊಬಾಗಸ್ ಸಿಂಗ್ಯುಲಾರಿಸ್' ಅನ್ನೋ ಪುಟಾಣಿ ಮೂತಿಹುಳ. ಆಫ್ರಿಕಾ, ಫಿಜಿ, ಸಿಂಹಳ ಅಂತ ಊರೂರಿಗೆ ಇವುಗಳ ಸವಾರಿ ಹೋಯಿತು. ಕೇರಳಕ್ಕೂ 1970ರ ದಶಕದಲ್ಲಿ ಮಿಡತೆ ತಂದು ಬಿಟ್ಟರು. ಅಲ್ಲಲ್ಲಿ ಒಂದಿಷ್ಟು ಎಲೆ ತಿಂದವು, ಅಷ್ಟೇ. ಕರೀಬಾದಲ್ಲಿ ಕಳೆ ಇಳಿಯಿತೇನೋ ನಿಜ, ಆದರೆ ಅದೇ ಹೊತ್ತಿಗೆ ನೀರಿನ ಸತ್ವವೂ ಇಳಿದಿತ್ತು. ಮಿಡತೆಯ ಪಾಲು ಎಷ್ಟು ಅನ್ನೋದು ವಾದದ ವಿಷಯ.

ಹುಳದ್ದೇನೂ ತಪ್ಪಿರಲಿಲ್ಲ, ಗಿಡವೇ ಬೇರೆ! 1966ರಲ್ಲಿ ಲೋಯಲ್ ಮತ್ತು ಗ್ರೇವಾಲ್ ಎಂಬ ನಮ್ಮ ದೇಶದ ಇಬ್ಬರು ವಿಜ್ಞಾನಿಗಳು ಇದರ ವರ್ಣತಂತು ಎಣಿಸಿ, ಇದು ಐದು ಜೊತೆಪಟ್ಟಿನ, ಸಂತಾನಶಕ್ತಿ ಇಲ್ಲದ ಗಿಡ ಅಂತ ತೋರಿಸಿದ್ದರು. 1972ರಲ್ಲಿ ಡಿ. ಎಸ್. ಮಿಚೆಲ್ ಎಂಬಾತ ಕರೀಬಾದ ಕಳೆ ಆರಿಕ್ಯುಲೇಟಾ ಅಲ್ಲವೇ ಅಲ್ಲ ಅಂತ ಹೇಳಿ ಹೊಸ ಹೆಸರಿಟ್ಟ: 'ಸಾಲ್ವೀನಿಯಾ ಮೊಲೆಸ್ಟಾ'. ಮೊಲೆಸ್ಟಾ ಅಂದರೆ ಕಾಟ ಕೊಡೋದು. ಸರಿಯಾಗೇ ಇಟ್ಟ ಬಿಡಿ.

ಹೆಸರೇನೋ ಸಿಕ್ಕಿತು, ಊರು? 1978ರಲ್ಲಿ ಇಂಡೂರುಪಿಲ್ಲಿಯ ವೆಂಡಿ ಫೋರ್ನೋ ಆಗ್ನೇಯ ಬ್ರೆಜಿಲಿನಲ್ಲಿ ಮೊಲೆಸ್ಟಾವನ್ನು ಪತ್ತೆ ಮಾಡಿದರು. ಅಲ್ಲಿ ಅದು ಎಲ್ಲರ ಹಾಗೆ ತೆಪ್ಪಗೆ ಬದುಕಿಕೊಂಡಿತ್ತಂತೆ. ಜಾಯಿನ್ವಿಲಿ ಅನ್ನೋ ಊರಿನ ಕಡೆಯಿಂದ ಎರಡು ಮಿಲಿಮೀಟರಿನ ಕಪ್ಪು ಮೂತಿಹುಳ ಆಸ್ಟ್ರೇಲಿಯಾಕ್ಕೆ ಬಂತು. ತಮಾಷೆ ಏನಪ್ಪಾ ಅಂದ್ರೆ, ಪರಿಶೀಲಿಸಿದವರು ಇದನ್ನ ಹಳೇ ಸಿಂಗ್ಯುಲಾರಿಸ್ಸೇ ಅಂದುಕೊಂಡರು. ಬೇರೆ ಕಡೆ ಸೋತು ಬಂದ ಹುಳ! ಆದರೂ ಅದು ಮೊಲೆಸ್ಟಾ ಮೇಲೇ ಸಿಕ್ಕಿದೆಯಲ್ಲ ಅಂತ ಕೈಬಿಡಲಿಲ್ಲ.

ಬಿಡೋ ಮುಂಚೆ ಹತ್ತಾರು ಬೇರೆ ಗಿಡಗಳ ಮೇಲೆ ಇಟ್ಟು, ಅವನ್ನೂ ತಿನ್ನುತ್ತಾ ಅಂತ ಪರೀಕ್ಷೆ ಮಾಡಿದರು. ಕ್ವೀನ್ಸ್‌ಲ್ಯಾಂಡಿನವರಿಗೆ ಇದರ ಬೆಲೆ ಚೆನ್ನಾಗೇ ಗೊತ್ತು. ಪಾಪಾಸುಕಳ್ಳಿಯ ಕಾಡನ್ನು 1926ರಿಂದ ಒಂದು ಪತಂಗದ ಮರಿಹುಳ ತಿಂದು ಬಯಲು ಮಾಡಿದ್ದು ಇಲ್ಲೇ, ಅದರ ಹೆಸರಲ್ಲಿ ಬೂನಾರ್ಗಾ ಎಂಬಲ್ಲಿ ಸ್ಮಾರಕ ಭವನವೇ ಇದೆ. ಕಬ್ಬಿನ ಹುಳ ತಿನ್ನಲಿ ಅಂತ 1935ರಲ್ಲಿ ನೆಲಗಪ್ಪೆ ತಂದು ಇವತ್ತಿಗೂ ಬಾಯಿ ಬಾಯಿ ಬಡಿದುಕೊಳ್ಳುತ್ತಿರೋದೂ ಇಲ್ಲೇ.

1980ರ ಜೂನ್‌ನಲ್ಲಿ ಗಣಿ ಊರು ಮೌಂಟ್ ಐಸಾ ಹತ್ತಿರದ ಮೂಂಡರಾ ಜಲಾಶಯಕ್ಕೆ ಹುಳ ಬಿಟ್ಟರು. ಹದಿನಾಲ್ಕು ತಿಂಗಳಲ್ಲಿ ಸುಮಾರು ಇನ್ನೂರು ಹೆಕ್ಟೇರ್ ಕಳೆ ಕಂದು ಬಣ್ಣಕ್ಕೆ ತಿರುಗಿ ಮುಳುಗಿಹೋಯಿತು. 1981ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯೂ ಬಂತು, ಹುಳದ ತಪ್ಪು ಹೆಸರಿನಲ್ಲೇ! 1985ರಲ್ಲಿ ಕಾಲ್ಡರ್ ಮತ್ತು ಸ್ಯಾಂಡ್ಸ್ ಕೂಲಂಕಷವಾಗಿ ನೋಡಿ, ಇದು ಬೇರೆಯೇ ಹುಳ ಅಂತ ತೀರ್ಮಾನಿಸಿ 'ಸಿರ್ಟೊಬಾಗಸ್ ಸಾಲ್ವೀನಿಯೆ' ಅಂತ ಹೆಸರಿಟ್ಟರು. ನೋಡೋಕೆ ಅವಳಿ ಜವಳಿ, ತಿನ್ನೋ ರೀತಿ ಬೇರೆ. ಇದರ ದೊಡ್ಡ ಹುಳ ಚಿಗುರು ತಿನ್ನುತ್ತೆ, ಮರಿ ದಂಟಿನೊಳಗೇ ಸುರಂಗ ಕೊರೆಯುತ್ತೆ. ಚಿಗುರೂ ಇಲ್ಲ, ದಂಟೂ ಇಲ್ಲ ಅಂದ ಮೇಲೆ ಗಿಡ ಎಲ್ಲಿಂದ ಚೇತರಿಸಿಕೊಳ್ಳಬೇಕು?

ನನಗೆ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟಿದ್ದು ಪಾಪುವಾ ನ್ಯೂಗಿನಿಯ ಸೆಪಿಕ್ ನದಿಯ ಪ್ರಸಂಗ. ಅಲ್ಲಿ ದೋಣಿಯೇ ರಸ್ತೆ, ದೋಣಿಯೇ ಬಸ್ಸು. ಸುಮಾರು 250 ಚದರ ಕಿಲೋಮೀಟರ್ ನೀರು ಮುಚ್ಚಿಹೋದಾಗ ಮೀನಿಲ್ಲ, ಸಂತೆಯಿಲ್ಲ, ಆಸ್ಪತ್ರೆಗೂ ದಾರಿಯಿಲ್ಲ. ಕೆಲವರು ಹಳ್ಳಿಯನ್ನೇ ಬಿಟ್ಟು ಹೋದರು. ಅಲ್ಲಿಗೂ ಹುಳ ತಂದರೆ ಮೊದಮೊದಲು ಅದು ಹತ್ತಲೇ ಇಲ್ಲ. ಗಿಡದಲ್ಲಿ ಸಾರಜನಕ ಕಡಿಮೆ ಇದ್ದು, ಹುಳಕ್ಕೆ ಸಾಕಷ್ಟು ಪುಷ್ಟಿ ಸಿಗುತ್ತಿರಲಿಲ್ಲ. ಆಗ ಏನು ಮಾಡಿದರು ಗೊತ್ತಾ? ಕಳೆಗೆ ಯೂರಿಯಾ ಹಾಕಿದರು! ಕಳೆ ಕೊಲ್ಲಬೇಕು ಅಂತ ಕಳೆಗೇ ಗೊಬ್ಬರ. ಹುಳ ಹೆಚ್ಚಿದವು, ಹುಳ ಹತ್ತಿದ ಕಳೆಯನ್ನ ಚೀಲಕ್ಕೆ ತುಂಬಿ ಬೇರೆ ಬೇರೆ ಕಡೆಗೆ ಸಾಗಿಸಿದರು. 1985ರ ಹೊತ್ತಿಗೆ ಉಳಿದದ್ದು ಎರಡೇ ಚದರ ಕಿಲೋಮೀಟರ್. ಅದೇ ವರ್ಷ ಈ ತಂಡಕ್ಕೆ ಯುನೆಸ್ಕೋದ ವಿಜ್ಞಾನ ಪ್ರಶಸ್ತಿ ಬಂತು.

ಅಣ್ಣನಿಗೆ ಹೇಳಬೇಕಾದ್ದು ಇನ್ನೊಂದಿತ್ತು. ಆ ಹುಳ ಆಸ್ಟ್ರೇಲಿಯಾದಿಂದ ಬೆಂಗಳೂರಿಗೆ ಬಂದು ನಲವತ್ತು ವರ್ಷದ ಮೇಲಾಯಿತು. 1982ರಲ್ಲಿ ತರಿಸಿದ್ದು. ಮುಂದಿನ ಒಂದೆರಡು ವರ್ಷದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಸಾಲ್ವೀನಿಯಾ ಕುಸಿಯಿತು, ಅಡಿಯಲ್ಲಿ ಸೊರಗಿದ್ದ ನೈದಿಲೆ ಮತ್ತೆ ಮೇಲೆದ್ದಿತು. ಇದನ್ನು ದಾಖಲಿಸಿದವರು ಕೆ. ಪಿ. ಜಯಂತ್. ಕೇರಳದ ಕಾಲುವೆಗಳಲ್ಲಿ ಮೂರು ವರ್ಷದಲ್ಲಿ ಬಹುಪಾಲು ಕಳೆ ಹೋಯಿತು. ಭತ್ತದ ಗದ್ದೆಯಲ್ಲಿ ಇದನ್ನ ಕೈಯಲ್ಲಿ ಕೀಳೋಕೆ ಹೆಕ್ಟೇರಿಗೆ 235 ರೂಪಾಯಿ ಕೂಲಿ ಆಗುತ್ತಿತ್ತಂತೆ, ಆ ಖರ್ಚು ತಪ್ಪಿತು.

"ಹಾಗಾದ್ರೆ ನಮ್ಮ ಕೆರೇಲಿ ಯಾಕೆ ಇನ್ನೂ ಇದೆ?" ಅಂದ ಅಣ್ಣ. "ಅದು ಯಾವ ಗಿಡ ಅಂತ ಮೊದಲು ಹೇಳು" ಅಂದೆ. "ಅಂತರಗಂಗೆ ಕಣೋ". ಸರಿಹೋಯ್ತು! ನಮ್ಮಲ್ಲಿ ಎಲೆಕೋಸಿನ ಥರ ತೇಲೋದನ್ನೂ ಅಂತರಗಂಗೆ ಅಂತಾರೆ, ನೇರಳೆ ಹೂ ಬಿಡೋದನ್ನೂ ಅಂತರಗಂಗೆ ಅಂತಾರೆ. ಒಂದು ಫೋಟೋ ಕಳಿಸು ಅಂದೆ. ಸಂಜೆ ಬಂತು: ನೇರಳೆ ಹೂವು, ಉಬ್ಬಿದ ದಂಟು. ಸಾಲ್ವೀನಿಯಾ ಅಲ್ಲ. ಅದರ ಮೂತಿಹುಳವೇ ಬೇರೆ, ನಿಯೋಕೆಟಿನಾ ಅಂತ. ಅದೂ 1980ರ ದಶಕದಲ್ಲೇ ಬೆಂಗಳೂರಿನ ಕೆರೆಗಳಿಗೆ ಬಿಟ್ಟಾಗಿದೆ, ಕೆಲವು ಕಡೆ ಚೆನ್ನಾಗಿ ಕೆಲಸವನ್ನೂ ಮಾಡಿತ್ತು. ಎಲೆ ಮೇಲೆ ಕೆರೆದ ಹಾಗೆ ಸಣ್ಣ ಸಣ್ಣ ಮಚ್ಚೆ ಇದೆಯಾ ನೋಡು ಅಂದೆ. ಮಾರನೇ ದಿನ ಇನ್ನೊಂದು ಫೋಟೋ. ಎಲೆ ತುಂಬಾ ಮಚ್ಚೆ!

ಹುಳ ಅಲ್ಲೇ ಇದೆ, ತಿಂತಾನೂ ಇದೆ. ಆದರೆ ಒಳಚರಂಡಿ ನೀರು ದಿನಾ ಬಂದು ಬೀಳೋ ಕೆರೆಯಲ್ಲಿ ಗಿಡ ಬೆಳೆಯೋ ವೇಗಕ್ಕೆ ಹುಳದ ಬಾಯಿ ಸಾಲೋದಿಲ್ಲ. ಮಧ್ಯೆ ಯಾರೋ ಜೆಸಿಬಿ ತಂದು ಅರ್ಧ ಕಳೆ ಎತ್ತಿ ಹಾಕಿದರೆ ಅದರ ಜೊತೆಗೇ ಹುಳವೂ ಹೋಗುತ್ತೆ, ಉಳಿದ ಗಿಡ ಮತ್ತೆ ಹಬ್ಬುತ್ತೆ. ಇದನ್ನೆಲ್ಲ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೊಸ ಲೇಔಟಿನ ಪೈಪು ಕೆರೆಗೇ ಬಿಟ್ಟಿದಾರೆ ಕಣೋ, ಅದರ ಫೋಟೋನೂ ತೆಗೀತೀನಿ ಇರು" ಅಂದ.