ಗಾಮಾ ಸ್ಫೋಟಗಳ ಜಾಡಿನಲ್ಲಿ ಬೆಂಗಳೂರು: ಭಾಸ್ಕರದಿಂದ ಆಸ್ಟ್ರೋಸ್ಯಾಟ್‌ವರೆಗೆ

1996ರ ಮಾರ್ಚ್ 21ರಂದು ಶ್ರೀಹರಿಕೋಟಾದಿಂದ ಐಆರ್‌ಎಸ್-ಪಿ3 ಉಪಗ್ರಹ ಕಕ್ಷೆಗೇರಿತು. ಅದರ ಮುಖ್ಯ ಕೆಲಸ ಭೂಮಿಯ ಚಿತ್ರ ತೆಗೆಯುವುದು. ಆದರೆ ಅದರಲ್ಲಿ ಆಕಾಶದ ಅಗಲ ಭಾಗವನ್ನು ಒಟ್ಟಿಗೆ ಗಮನಿಸುವ ಒಂದು ಕ್ಷ-ಕಿರಣ ಉಪಕರಣವೂ ಇತ್ತು. ನಲವತ್ತು ದಿನಗಳ ನಂತರ ಇಟಲಿ ಮತ್ತು ನೆದರ್ಲೆಂಡ್ಸ್ ದೇಶಗಳ ಬೆಪ್ಪೊಸ್ಯಾಕ್ಸ್ ಉಪಗ್ರಹ ಹಾರಿತು. ಮರುವರ್ಷವೇ ಅದು ಆಕಾಶದಲ್ಲಿ ತಟ್ಟನೆ ಮಿಂಚಿ ಮರೆಯಾಗುವ ಗಾಮಾ ಕಿರಣ ಸ್ಫೋಟಗಳ ನೆಲೆ ಹುಡುಕಲು ದಾರಿ ತೋರಿಸಿತು. ಆ ಹೊತ್ತಿಗೆ ಭಾರತದ ಸ್ರಾಸ್-ಸಿ2 ಕೂಡ ಕಕ್ಷೆಯಲ್ಲಿದ್ದು ಇಂಥ ಸ್ಫೋಟಗಳನ್ನು ದಾಖಲಿಸುತ್ತಿತ್ತು. ಅಂದರೆ ಗಾಮಾ ಕಿರಣ ಗ್ರಹಿಸುವ ಯಂತ್ರ, ಅಗಲ ನೋಟದ ಕ್ಷ-ಕಿರಣ ಯಂತ್ರ ಎರಡೂ ನಮ್ಮಲ್ಲಿದ್ದವು. ಎರಡೂ ಇಸ್ರೋದ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲೇ ರೂಪುಗೊಂಡಿದ್ದವು. ಆದರೆ ಅವು ಬೇರೆ ಬೇರೆ ಉಪಗ್ರಹಗಳಲ್ಲಿದ್ದವು. ಭಾರತದ ಮಟ್ಟಿಗೆ ಈ ವಿಷಯದ ಇತಿಹಾಸದ ತಿರುಳು ಇದೇ ಎಂಬುದು ನನ್ನ ಅಭಿಪ್ರಾಯ.

ಈ ಸ್ಫೋಟಗಳು ಮೊದಲು ಕಂಡದ್ದು ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ, 1967ರ ಜುಲೈ 2ರಂದು. ಆ ಸುದ್ದಿ ಪ್ರಕಟವಾದದ್ದು 1973ರಲ್ಲಿ. ಅಲ್ಲಿಂದ ಮುಂದೆ ಕಾಲು ಶತಮಾನ ಕಾಡಿದ್ದು ದಿಕ್ಕಿನ ಸಮಸ್ಯೆ. ಸ್ಫೋಟ ಕೆಲವು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಗಾಮಾ ಕಿರಣಗಳನ್ನು ಮಸೂರದಿಂದಲೋ ಕನ್ನಡಿಯಿಂದಲೋ ಒಂದೆಡೆ ಸೇರಿಸಲಾಗದು. ಹಾಗಾಗಿ ಸ್ಫೋಟವಾಯಿತು ಎಂದು ಹೇಳಬಹುದಿತ್ತೇ ಹೊರತು, ನೆಲದ ದೂರದರ್ಶಕವನ್ನು ತಿರುಗಿಸಲು ಸಾಲುವಷ್ಟು ಖಚಿತವಾಗಿ ಎಲ್ಲಿ ಎಂದು ಹೇಳಲು ಆಗುತ್ತಿರಲಿಲ್ಲ. ಅದೇ ಸ್ಫೋಟದ ಕ್ಷ-ಕಿರಣಗಳನ್ನು ಹಿಡಿದರೆ ದಿಕ್ಕು ಸಿಗುತ್ತದೆ. ಆದರೆ ಮುಂದಿನ ಸ್ಫೋಟ ಯಾವ ಕಡೆ ಎಂಬುದು ಗೊತ್ತಿಲ್ಲದ್ದರಿಂದ ಆಕಾಶದ ದೊಡ್ಡ ಹರವನ್ನು ಸದಾ ನೋಡುತ್ತಲೇ ಇರಬೇಕು.

ಬೆಂಗಳೂರಿನಲ್ಲಿ ಈ ಕೆಲಸ ಸಾಕಷ್ಟು ಮೊದಲೇ ಶುರುವಾಗಿತ್ತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರಲ್ಲಿ ಕ್ಷ-ಕಿರಣ ಉಪಕರಣ ಹೊತ್ತು ಹೋಯಿತು. ವಿದ್ಯುತ್ ತೊಂದರೆಯಿಂದ ವೀಕ್ಷಣೆ ಕೆಲವೇ ದಿನಗಳಲ್ಲಿ ನಿಂತಿತು. 1979ರ ಜೂನ್ 7ರಂದು ಹಾರಿದ ಭಾಸ್ಕರ-1ರಲ್ಲಿ 2ರಿಂದ 10 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕ್ಷ-ಕಿರಣಗಳಿಗಾಗಿ ಸೂಜಿರಂಧ್ರ ಕ್ಯಾಮೆರಾ ಇತ್ತು. ನಾಡಹೆಂಚಿನ ಸಂದಿಯಿಂದ ತೂರಿದ ಬಿಸಿಲು ನೆಲದ ಮೇಲೆ ದುಂಡಗೆ ಬಿದ್ದು, ಹೊತ್ತು ಏರಿದಂತೆ ಜರುಗುವುದನ್ನು ಮಂಡ್ಯ, ಮಳವಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಬೆಳೆದವರು ಬಲ್ಲರು. ಈ ಕ್ಯಾಮೆರಾದ ತತ್ವವೂ ಅದೇ. ಕಿರಣ ಬಿದ್ದ ಜಾಗ ನೋಡಿ ಅದು ಬಂದ ದಿಕ್ಕನ್ನು ಲೆಕ್ಕ ಹಾಕಬಹುದು. ತಟ್ಟನೆ ಬೆಳಗಿ ಆರುವ ಆಕರಗಳನ್ನು ಹುಡುಕುವುದು ಅದರ ಗುರಿಯಾಗಿತ್ತು. ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಕೆಲಕಾಲ ಆರಿಸಿಟ್ಟು ಮತ್ತೆ ಚಾಲೂ ಮಾಡಿದಾಗ ನಿರೀಕ್ಷೆಯಂತೆ ಕೆಲಸ ಮಾಡಲಿಲ್ಲ. ಆ ಒಂದು ತಿಂಗಳಿಗೆ ನಮ್ಮ ವಿಜ್ಞಾನ ಚರಿತ್ರೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಗಾಮಾ ಕಿರಣಗಳ ಕಡೆಯ ದಾರಿ ಇನ್ನೂ ಕಠಿಣವಾಗಿತ್ತು. ಸ್ಫೋಟಗಳನ್ನು ಹಿಡಿಯುವ ಉಪಕರಣ ಹೊತ್ತ ಮೊದಲ ಎರಡು ಸ್ರಾಸ್ ಉಪಗ್ರಹಗಳು 1987 ಮತ್ತು 1988ರಲ್ಲಿ ಎಎಸ್‌ಎಲ್‌ವಿ ರಾಕೆಟ್ಟಿನ ವೈಫಲ್ಯದಿಂದ ಕಕ್ಷೆಯನ್ನೇ ಸೇರಲಿಲ್ಲ. 1992ರ ಮೇ 20ರಂದು ಹಾರಿದ ಸ್ರಾಸ್-ಸಿ ತೀರಾ ಕೆಳಗಿನ ಕಕ್ಷೆಗೆ ಸೇರಿ ಜುಲೈನಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಅಂಥದ್ದೇ ಉಪಕರಣವನ್ನು ಮತ್ತೆ ಸಿದ್ಧಪಡಿಸಿ 1994ರ ಮೇ 4ರಂದು ಸ್ರಾಸ್-ಸಿ2ರಲ್ಲಿ ಕಳಿಸಿದರು. ಅದು 2001ರ ಜುಲೈವರೆಗೆ ಕಕ್ಷೆಯಲ್ಲಿತ್ತು. ಸೀಸಿಯಂ ಅಯೋಡೈಡ್ ಹರಳಿಗೆ ಗಾಮಾ ಕಿರಣ ತಾಗಿದಾಗ ಹೊಮ್ಮುವ ಮಿಣುಕನ್ನು ಅಳೆಯುವ ಉಪಕರಣ ಅದು. ಸ್ಫೋಟದ ಏರಿಳಿತವನ್ನು ಸೂಕ್ಷ್ಮವಾಗಿ ಗುರುತಿಸುತ್ತಿತ್ತು. ದಿಕ್ಕನ್ನು ಮಾತ್ರ ಅದೊಂದೇ ಹೇಳಲಾರದು.

ಐಆರ್‌ಎಸ್-ಪಿ3ರ ಕ್ಷ-ಕಿರಣ ಉಪಕರಣವೂ ಸೂಜಿರಂಧ್ರ ಕ್ಯಾಮೆರಾವೇ; ಅಡ್ಡಕ್ಕೂ ಉದ್ದಕ್ಕೂ 90 ಡಿಗ್ರಿ ನೋಡಬಲ್ಲದಾಗಿತ್ತು. ಆದರೆ ಅದರ ರಂಧ್ರ ಕೇವಲ 1 ಚದರ ಸೆಂಟಿಮೀಟರ್. ಉಪಗ್ರಹದ ಸಮಯವನ್ನು ಭೂವೀಕ್ಷಣೆಯ ಜೊತೆ ಹಂಚಿಕೊಳ್ಳಬೇಕಿತ್ತು. ಬೆಪ್ಪೊಸ್ಯಾಕ್ಸ್ ಒಂದು ರಂಧ್ರದ ಬದಲು ಸಾವಿರಾರು ರಂಧ್ರಗಳ ಫಲಕ ಬಳಸಿತು. ಆ ಫಲಕದ ನೆರಳಿನಿಂದ ದಿಕ್ಕನ್ನು ಗಣಿತದ ಮೂಲಕ ಬಿಡಿಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಗಾಮಾ ಕಿರಣ ಗ್ರಹಿಸುವ ಯಂತ್ರ, ಅಗಲ ನೋಟದ ಕ್ಯಾಮೆರಾ, ಸೂಕ್ಷ್ಮ ಕ್ಷ-ಕಿರಣ ದೂರದರ್ಶಕ ಮೂರೂ ಅದೇ ಉಪಗ್ರಹದಲ್ಲಿದ್ದವು. 1997ರ ಫೆಬ್ರವರಿ 28ರ ಸ್ಫೋಟದ ನೆಲೆಯನ್ನು ಅಗಲ ನೋಟದ ಕ್ಯಾಮೆರಾ ಸುಮಾರು 3 ಕಲೆಯಷ್ಟು (ಆರ್ಕ್ ಮಿನಿಟ್) ನಿಖರವಾಗಿ ಗುರುತಿಸಿತು. ಇದು ಹುಣ್ಣಿಮೆ ಚಂದ್ರನ ಅಗಲದ ಹತ್ತರಲ್ಲೊಂದು ಪಾಲು. ಎಂಟು ಗಂಟೆಗಳಲ್ಲಿ ದೂರದರ್ಶಕವನ್ನು ಅತ್ತ ತಿರುಗಿಸಿದಾಗ ಆರುತ್ತಿದ್ದ ಕ್ಷ-ಕಿರಣದ ಶೇಷಬೆಳಕು ಕಂಡಿತು. ಅದೇ ವರ್ಷ ಮೇ ತಿಂಗಳ ಇನ್ನೊಂದು ಸ್ಫೋಟದ ಬೆಳಕನ್ನು ಅಳೆದಾಗ, ಇವು ನಮ್ಮ ಆಕಾಶಗಂಗೆಯಾಚೆ ಬಹುದೂರದಿಂದ ಬರುತ್ತವೆ ಎಂಬುದು ಖಚಿತವಾಯಿತು.

ಭಾರತದಲ್ಲಿ ಎರಡು ಬಗೆಯ ಉಪಕರಣಗಳು ಒಂದೇ ಉಪಗ್ರಹಕ್ಕೆ ಬಂದದ್ದು 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿ. ಬೆಂಗಳೂರಿನ ಉಪಗ್ರಹ ಕೇಂದ್ರ ರೂಪಿಸಿದ ಆಕಾಶ ವೀಕ್ಷಕ ಉಪಕರಣದಲ್ಲಿ ತಿರುಗುವ ಪೀಠದ ಮೇಲೆ ಮೂರು ಕ್ಯಾಮೆರಾಗಳಿವೆ. ಸೂಜಿರಂಧ್ರ ಹೋಗಿ ಇಲ್ಲೂ ರಂಧ್ರಫಲಕ ಬಂದಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಉಪಕರಣ ಚಾಲೂ ಆದ ಮೊದಲ ದಿನವೇ, ಅಕ್ಟೋಬರ್ 6ರಂದು, ಒಂದು ಸ್ಫೋಟವನ್ನು ಹಿಡಿಯಿತು. 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮೀರಿದ ಕಿರಣಗಳು ಅದರ ಹೊರಕವಚವನ್ನೇ ತೂರಿ ಬರುವುದರಿಂದ ಅದು ಎಲ್ಲ ದಿಕ್ಕಿಗೂ ತೆರೆದ ಗ್ರಾಹಕವಾಗುತ್ತದೆ. ಈವರೆಗೆ ನೂರಾರು ಸ್ಫೋಟಗಳು ಅದರಲ್ಲಿ ದಾಖಲಾಗಿವೆ. ಮೊದಲ ವರ್ಷದ 11 ಸ್ಫೋಟಗಳಲ್ಲಿ ಗಾಮಾ ಕಿರಣಗಳ ಧ್ರುವೀಕರಣವನ್ನೂ, ಅಂದರೆ ಅವುಗಳ ಕಂಪನ ಒಂದೇ ದಿಕ್ಕಿನಲ್ಲಿದೆಯೇ ಎಂಬುದನ್ನೂ, ಪರಿಶೀಲಿಸಿದ್ದಾರೆ. ಜಗತ್ತಿನಲ್ಲಿ ಕೆಲವೇ ಉಪಕರಣಗಳಿಗೆ ಸಾಧ್ಯವಾದ ಕೆಲಸವಿದು. ಈ ದತ್ತಾಂಶವೆಲ್ಲ ಬಂದು ಸೇರುವುದು ಬ್ಯಾಲಾಳಿನ ಇಸ್ರೋ ಕೇಂದ್ರಕ್ಕೆ. ಮಂಡ್ಯ, ಮದ್ದೂರಿನಿಂದ ಬೆಂಗಳೂರಿಗೆ ಹೋಗುವವರು ದಾಟುವ ಬಿಡದಿಗೆ ಆ ಊರು ದೂರವೇನಲ್ಲ.

ಒಂದು ಕೊರತೆ ಉಳಿದಿದೆ. ಆಸ್ಟ್ರೋಸ್ಯಾಟ್‌ನ ಸ್ಫೋಟಗಳು ಪತ್ತೆಯಾಗುವುದು ದತ್ತಾಂಶ ನೆಲಕ್ಕಿಳಿದ ಮೇಲೆ, ತಡವಾಗಿ. ಬೇರೆಡೆ ಈ ಕೆಲಸ ಇನ್ನೂ ಮುಂದೆ ಹೋಗಿದೆ. 2024ರ ಜನವರಿ 9ರಂದು ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್, ಲಾಬ್‌ಸ್ಟರ್ ಕಣ್ಣಿನ ರಚನೆಯ ಕನ್ನಡಿಗಳಿಂದ 3600 ಚದರ ಡಿಗ್ರಿಯನ್ನು ಒಟ್ಟಿಗೆ ನೋಡುತ್ತದೆ. ಆ ವರ್ಷದ ಮಾರ್ಚ್ 15ರಂದು ಅದು ಕಂಡ ಸ್ಫೋಟದಲ್ಲಿ ಗಾಮಾ ಕಿರಣಕ್ಕಿಂತ ಆರು ನಿಮಿಷ ಮೊದಲೇ ಕ್ಷ-ಕಿರಣ ಬಂದಿತ್ತು. ಗಾಮಾ ಕಿರಣವನ್ನಷ್ಟೇ ಕಾಯುವ ಉಪಗ್ರಹ ಆ ಆರು ನಿಮಿಷಗಳನ್ನು ಕಳೆದುಕೊಳ್ಳುತ್ತದೆ. ಭಾರತದಲ್ಲಿ ಐಐಟಿ ಬಾಂಬೆ ಮುಂದಿಟ್ಟಿರುವ ದಕ್ಷ ಯೋಜನೆಯಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿದೆ. ಭೂಮಿಯ ಎದುರುಬದುರು ಬದಿಗಳಲ್ಲಿ ಎರಡು ಉಪಗ್ರಹಗಳನ್ನಿಟ್ಟು, ಮೆದು ಕ್ಷ-ಕಿರಣದಿಂದ ಗಾಮಾ ಕಿರಣದವರೆಗೆ ಎರಡರಲ್ಲೂ ಒಟ್ಟಿಗೆ ನೋಡಬೇಕೆಂಬುದು ಅದರ ಪ್ರಸ್ತಾವ.