ಅಕಾರ್ಡಿಯನ್ ಪಕ್ಕದಲ್ಲೊಂದು ಎಲೆಕ್ಟ್ರಿಕ್ ಗಿಟಾರ್

ಕಾರ್ಲೋಸ್ ವೀವೆಸ್ ಹುಟ್ಟಿದ್ದು 1961ರಲ್ಲಿ, ಕೊಲಂಬಿಯಾದ ಕರಾವಳಿ ಊರು ಸಾಂತಾ ಮಾರ್ತಾದಲ್ಲಿ. ಮೊದಲು ಟೀವಿ ನಟ, ಜೊತೆಗೆ ಪ್ರೇಮಗೀತೆಗಳ ಗಾಯಕ. 1991ರಲ್ಲಿ ಗೀತರಚನೆಕಾರ ರಫಾಯೆಲ್ ಎಸ್ಕಲೋನಾನ ಬದುಕಿನ ಧಾರಾವಾಹಿಯಲ್ಲಿ ಎಸ್ಕಲೋನಾ ಆಗಿ ನಟಿಸಿದ. ಅಲ್ಲಿಂದ ಅವನ ದಾರಿಯೇ ಬದಲಾಯಿತು.

ಎಸ್ಕಲೋನಾ ಕಟ್ಟುತ್ತಿದ್ದದ್ದು ವಾಯೆನಾತೊ ಹಾಡುಗಳನ್ನು. ದನಗಾಹಿಗಳು, ಊರೂರು ಅಲೆದು ಸುದ್ದಿ ಹಾಡುವವರು ಬೆಳೆಸಿದ ಸಂಗೀತ ಅದು. ಅಕಾರ್ಡಿಯನ್, ಕಾಹಾ ಎಂಬ ಪುಟ್ಟ ಚರ್ಮವಾದ್ಯ, ಗೀರುಗಳಿರುವ ಕೋಲನ್ನು ಕೆರೆದು ನುಡಿಸುವ ಗ್ವಾಚರಾಕಾ, ಇಷ್ಟೇ ವಾದ್ಯ. 1993ರ 'ಕ್ಲಾಸಿಕೋಸ್ ದೆ ಲಾ ಪ್ರೊವಿನ್ಸಿಯಾ' ಆಲ್ಬಮ್‌ನಲ್ಲಿ ವೀವೆಸ್ ಇವುಗಳ ಜೊತೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಕೂರಿಸಿದ. ಆಲ್ಬಮ್ ಭರ್ಜರಿಯಾಗಿ ಓಡಿತು. ಸಂಪ್ರದಾಯಸ್ಥರು ಮಾತ್ರ ಮುನಿಸಿಕೊಂಡರು.

ನನಗೆ ತಮಾಷೆ ಅನ್ನಿಸೋದು ಇದು: ಆ 'ಶುದ್ಧ' ಸಂಗೀತದ ಅಕಾರ್ಡಿಯನ್ನೇ ಯುರೋಪಿನಿಂದ ಹಡಗಿನಲ್ಲಿ ಬಂದದ್ದು! ಅದೂ ಅಲ್ಲದೆ, ವೀವೆಸ್ ಪಕ್ಕ ನಿಂತು ಅದನ್ನು ನುಡಿಸುತ್ತಿದ್ದವ ಎಹಿದಿಯೊ ಕ್ವಾದ್ರಾದೊ (2024ರಲ್ಲಿ ತೀರಿಕೊಂಡ), 1985ರ ವಾಯೆನಾತೊ ಉತ್ಸವದಲ್ಲಿ 'ರಾಜ' ಪಟ್ಟ ಗೆದ್ದವ.

ಹಾಗಂತ ಮುನಿದವರ ಭಯ ಪೂರ್ತಿ ಪೊಳ್ಳೇನಲ್ಲ. 2015ರಲ್ಲಿ ಯುನೆಸ್ಕೊ ಸಾಂಪ್ರದಾಯಿಕ ವಾಯೆನಾತೊವನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಹೊಸ ಅಲೆಯ ವಾಯೆನಾತೊ ಹಳೆಯದನ್ನು ಮೂಲೆಗೆ ತಳ್ಳುತ್ತಿದೆ ಅನ್ನೋದು ಅದು ಕೊಟ್ಟ ಕಾರಣಗಳಲ್ಲೊಂದು. ಮರುವರ್ಷವೇ ವೀವೆಸ್ ಮತ್ತು ಶಕೀರಾ ಹಾಡಿದ 'ಲಾ ಬಿಸಿಕ್ಲೇತಾ'ಗೆ ವರ್ಷದ ಹಾಡು ಎಂಬ ಲ್ಯಾಟಿನ್ ಗ್ರ್ಯಾಮಿ ಬಂತು.